ಮೂಡುಬಿದಿರೆ: ಸೆಟ್ಟರು ಕಟ್ಟಿದ ಊರು, ಓಲೆ ಕಾದ ಊರು

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಕಡಲಿಗೂ ಘಟ್ಟಕ್ಕೂ ನಡುವಿನ ಗುಡ್ಡ-ಬಯಲುಗಳ ಸೀಮೆಯಲ್ಲಿ ಮೂಡುಬಿದಿರೆ ಇದೆ. ಒಂದು ಗಂಟೆಯೊಳಗೆ ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಬಹುದಾದ ಹಳೆಯ ಪೇಟೆ. ಅಷ್ಟರಲ್ಲೇ 18 ಜೈನ ಬಸದಿಗಳಿವೆ. 18 ಬಸದಿ, 18 ದೇವಸ್ಥಾನ, 18 ಕೆರೆ ಎಂದು ಊರವರು ಲೆಕ್ಕ ಹೇಳುತ್ತಾರೆ. ದಿಗಂಬರ ಜೈನರಿಗೆ ಇದು ‘ಜೈನಕಾಶಿ’.

ಈ ಊರು ಯಾವ ದೊಡ್ಡ ರಾಜ್ಯದ ರಾಜಧಾನಿಯೂ ಆಗಿರಲಿಲ್ಲ. ಹೊಯ್ಸಳರ ಹಳೇಬೀಡಿನಂತೆ, ವಿಜಯನಗರದ ಹಂಪೆಯಂತೆ ಚಕ್ರವರ್ತಿಗಳ ಬೊಕ್ಕಸ ಇಲ್ಲಿಗೆ ಹರಿದು ಬರಲಿಲ್ಲ. ಆದರೂ ಇಲ್ಲಿ ಇಷ್ಟು ಕಟ್ಟಡಗಳು ಎದ್ದವು, ಮತ್ತೆಲ್ಲೂ ಉಳಿಯದ ಗ್ರಂಥಗಳು ಉಳಿದವು. ಅದಕ್ಕೆ ಕಾರಣ ಊರಿನ ಜನ: ಮೆಣಸು, ಅಕ್ಕಿ ಮಾರಿದ ಸೆಟ್ಟರು, ಮಠದ ಗುರುಗಳು, ದಾನ ಕೊಟ್ಟ ಹೆಂಗಸರು, ಓಲೆ ಬಿಡಿಸಿ ಅಕ್ಷರ ನಕಲು ಮಾಡಿದ ಶಾಸ್ತ್ರಿಗಳು. ಮೂಡುಬಿದಿರೆಯ ಚರಿತ್ರೆಯನ್ನು ಅವರ ಹೆಸರುಗಳಿಂದಲೇ ಹೇಳಬೇಕು.

ಊರಿನ ಅತ್ಯಂತ ಹಳೆಯ ಬಸದಿ ಪಾರ್ಶ್ವನಾಥನದು. ಗುರು ಬಸದಿ, ಹಳೆ ಬಸದಿ, ಸಿದ್ಧಾಂತ ಬಸದಿ ಎಂಬ ಹೆಸರುಗಳೂ ಅದಕ್ಕಿವೆ. ಸ್ಥಳೀಯ ಪರಂಪರೆ ಅದರ ಪ್ರತಿಷ್ಠೆಯನ್ನು ಕ್ರಿ.ಶ. 714ಕ್ಕೆ ಒಯ್ಯುತ್ತದೆ. ಶ್ರವಣಬೆಳಗೊಳದ ಕಡೆಯಿಂದ ಬಂದ ಮುನಿಯೊಬ್ಬರು ಬಿದಿರ ಮೆಳೆಯ ಬಳಿ ಹುಲಿಯೂ ಹಸುವೂ ವೈರ ಮರೆತು ಆಡುತ್ತಿದ್ದುದನ್ನು ಕಂಡು, ಆ ಜಾಗವನ್ನು ಅಗೆಸಿದಾಗ ಪಾರ್ಶ್ವನಾಥನ ವಿಗ್ರಹ ಸಿಕ್ಕಿತು ಎಂಬ ಕತೆಯನ್ನು ಇಲ್ಲಿನವರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಕತೆಯ ಮಾತು ಹಾಗಿರಲಿ, ಗರ್ಭಗುಡಿಯಲ್ಲಿ ಹೆಡೆಯ ನೆರಳಲ್ಲಿ ನಿಂತಿರುವ ಸುಮಾರು 12 ಅಡಿಯ ಕರಿಶಿಲೆಯ ಮೂರ್ತಿ ಮಾತ್ರ ಕಣ್ಣೆದುರಿನ ಸತ್ಯ. ಬಸದಿಯ ಒಳಗೆ ಬೆಳಕು ಕಡಿಮೆ. ದೀಪದ ಬೆಳಕಿನಲ್ಲಿ ಕರಿಶಿಲೆಯ ಮೈ ಮೊದಲು ಕಾಣುವುದಿಲ್ಲ, ಕಣ್ಣು ಹೊಂದಿಕೊಂಡ ಮೇಲೆ ನಿಧಾನವಾಗಿ ಕಾಣುತ್ತದೆ.

ಈ ಬಸದಿಯ ಜೊತೆಗೆ ಬೆಳೆದದ್ದು ಜೈನ ಮಠ. ಇಲ್ಲಿನ ಪೀಠಕ್ಕೆ ಬಂದ ಭಟ್ಟಾರಕರೆಲ್ಲರೂ ಚಾರುಕೀರ್ತಿ ಎಂಬ ಒಂದೇ ಹೆಸರನ್ನು ಹೊರುತ್ತಾರೆ. ಶ್ರವಣಬೆಳಗೊಳದ ಪೀಠಾಧಿಪತಿಗಳಿಗೂ ಅದೇ ಹೆಸರು. ಎರಡೂ ಮಠಗಳ ನಂಟು ಈ ಹೆಸರಿನಲ್ಲೇ ಗೊತ್ತಾಗುತ್ತದೆ. ಕಟ್ಟಡಗಳಿಗೆ ಹಣ ಸೆಟ್ಟರದಾದರೆ, ಪ್ರೇರಣೆ ಬಹಳ ಸಲ ಮಠದ್ದು. ಶಾಸನಗಳಲ್ಲಿ ಇಬ್ಬರ ಹೆಸರುಗಳೂ ಜೊತೆಯಾಗಿ ಬರುತ್ತವೆ.

ಸೆಟ್ಟರು ಇಷ್ಟು ಹಣವಂತರಾದದ್ದು ಊರಿನ ನೆಲೆಯಿಂದ. ಘಟ್ಟದ ಬುಡದ ಕಾಡು-ತೋಟಗಳಲ್ಲಿ ಬೆಳೆದ ಕಾಳುಮೆಣಸು, ಬಯಲಿನ ಅಕ್ಕಿ ಇವು ಮಂಗಳೂರು, ಬಾರಕೂರು, ಬಸರೂರುಗಳ ಬಂದರಿಗೆ ಇಳಿಯಬೇಕಿತ್ತು. ಅರಬ್ಬಿ ಕಡಲಿನಾಚೆಯ ವರ್ತಕರು ಅವನ್ನು ಕೊಂಡು ಚಿನ್ನವನ್ನು, ಕುದುರೆಗಳನ್ನು ತರುತ್ತಿದ್ದರು. ಬಂದರಿಗೂ ಬೆಳೆಯುವ ನೆಲಕ್ಕೂ ನಡುವೆ ಕುಳಿತ ಮೂಡುಬಿದಿರೆಯವರಿಗೆ ಎರಡೂ ಕಡೆಯ ವ್ಯವಹಾರ ಕೈಗೆಟುಕುತ್ತಿತ್ತು. ವಿಜಯನಗರದ ಕಾಲದಲ್ಲಿ ತುಳುನಾಡು ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಎಂದು ಎರಡು ಭಾಗವಾಗಿತ್ತು. ಅಧಿಕಾರಿಗಳು ಮೇಲಿನಿಂದ ಬರುತ್ತಿದ್ದರು, ಹೋಗುತ್ತಿದ್ದರು. ಪೇಟೆಯ ಆಗುಹೋಗುಗಳನ್ನು ನೋಡಿಕೊಳ್ಳುತ್ತಿದ್ದವು ಊರಿನ ವರ್ತಕ ಕೂಟಗಳು. ಕರಾವಳಿಯ ಶಾಸನಗಳಲ್ಲಿ ‘ಹಲರು’, ‘ಸೆಟ್ಟಿಕಾರರು’ ಎಂದು ಕಾಣಿಸಿಕೊಳ್ಳುವವರು ಇವರೇ.

ಇವರ ಕೂಡುದುಡಿಮೆಯ ದೊಡ್ಡ ಗುರುತು ಸಾವಿರ ಕಂಬದ ಬಸದಿ. ಅದರ ನಿಜವಾದ ಹೆಸರು ತ್ರಿಭುವನ ತಿಲಕ ಚೂಡಾಮಣಿ. ಕಟ್ಟಿದ್ದು 1430ರಲ್ಲಿ. ಆಗ ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ. ಮಂಗಳೂರು ರಾಜ್ಯವನ್ನು ಅವನ ಪರವಾಗಿ ನೋಡಿಕೊಳ್ಳುತ್ತಿದ್ದ ದೇವರಾಯ ಒಡೆಯನ ಹೆಸರು ಈ ಬಸದಿಯ ಕತೆಯೊಡನೆ ಸೇರಿಕೊಂಡಿದೆ. ಇದಾಗಿ ಎರಡೇ ವರ್ಷಕ್ಕೆ, 1432ರಲ್ಲಿ, 18 ಕಿಲೋಮೀಟರ್ ಆಚೆ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟ ನಿಂತ. ಕಾರ್ಕಳದಲ್ಲಿ ಅರಸ ಮೂರ್ತಿ ನಿಲ್ಲಿಸಿದ, ಮೂಡುಬಿದಿರೆಯಲ್ಲಿ ಪೇಟೆ ಸೇರಿ ಬಸದಿ ಎತ್ತಿತು. ತುಳುನಾಡಿನ ಜೈನರ ಏರುಗಾಲ ಅದು.

ಬಸದಿ ಮೂರು ನೆಲೆಯದು. ಕೆಳಗಿನದು ಪೂರ್ತಿ ಕಲ್ಲು, ಮೇಲಿನ ನೆಲೆಗಳಲ್ಲಿ ಮರದ ಕೆಲಸ. ಒಳಗೆ ಚಂದ್ರನಾಥ ಸ್ವಾಮಿಯ ಎತ್ತರದ ಪಂಚಲೋಹದ ಮೂರ್ತಿ. ಗರ್ಭಗುಡಿಯ ಮುಂದೆ ಒಂದರ ಹಿಂದೆ ಒಂದು ಮಂಟಪಗಳು ಸಾಲಾಗಿ ಬರುತ್ತವೆ. ಪ್ರತಿ ಮಂಟಪ ದಾಟುವಾಗಲೂ ಬೆಳಕು ಒಂದು ಪಾಲು ಕಡಿಮೆಯಾಗುತ್ತದೆ. ಕಂಬಗಳು ನಿಜಕ್ಕೂ ಸಾವಿರವಿವೆಯೇ ಎಂದು ಎಣಿಸಲು ಹೊರಡುವವರು ಪ್ರತಿದಿನ ಸಿಗುತ್ತಾರೆ. ಎಣಿಕೆಗಿಂತ ಹೆಚ್ಚಿನ ಕೌತುಕ ಬೇರೊಂದಿದೆ: ಒಂದು ಕಂಬದ ಕೆತ್ತನೆ ಇನ್ನೊಂದಕ್ಕಿಲ್ಲ. ಒಂದರಲ್ಲಿ ಸರಪಳಿಯ ಹೆಣಿಗೆ, ಒಂದರಲ್ಲಿ ಬಳ್ಳಿಯ ಸುರುಳಿ, ಒಂದರಲ್ಲಿ ನರ್ತಕಿ, ಒಂದರಲ್ಲಿ ಚೌಕ-ಅಷ್ಟಕೋನಗಳ ಬರೀ ಗಣಿತ. ಒಂದೇ ಕಟ್ಟಡದಲ್ಲಿ ಇಷ್ಟು ಕಂಬಗಳನ್ನು ಕಡೆಯುವಾಗ ಯಾವ ಶಿಲ್ಪಿಯೂ ಹಿಂದಿನದನ್ನು ಮತ್ತೆ ಮಾಡದೆ ಉಳಿದದ್ದು ಅವರ ಹಟವನ್ನೂ, ಹಣ ಕೊಟ್ಟವರ ತಾಳ್ಮೆಯನ್ನೂ ಹೇಳುತ್ತದೆ.

ಮುಂದಿನ ಭೈರಾದೇವಿ ಮಂಟಪ ಬಂದದ್ದು ಎರಡು ದಶಕಗಳ ಅನಂತರ, 1451ರಲ್ಲಿ. ಅದರ ಜಗತಿಯ ಪಟ್ಟಿಕೆಯಲ್ಲಿ ಆನೆ, ಕುದುರೆ, ಬೇಟೆ, ಮಲ್ಲರ ಸಾಲಿನ ನಡುವೆ ಉದ್ದ ಕತ್ತಿನ ಜಿರಾಫೆಯನ್ನೂ ಚೀನಾದ ಡ್ರ್ಯಾಗನನ್ನೂ ಹೋಲುವ ಕೆತ್ತನೆಗಳಿವೆ. ಜಿರಾಫೆ ಆಫ್ರಿಕಾದ ಪ್ರಾಣಿ. ತುಳುನಾಡಿನ ಕಾಡಿನಲ್ಲಿ ಅದನ್ನು ಕಂಡವರಿಲ್ಲ. ಹದಿನೈದನೆಯ ಶತಮಾನದಲ್ಲಿ ಮಲೆಯ ಮೆಣಸು ಎಷ್ಟು ದೂರದ ಜನರನ್ನು ಈ ಕರಾವಳಿಗೆ ಎಳೆದು ತರುತ್ತಿತ್ತು ಎನ್ನುವುದಕ್ಕೆ ಆ ಕಲ್ಲಿನ ಪಟ್ಟಿಕೆಗಿಂತ ಚೆಲುವಾದ ದಾಖಲೆ ಬೇಕಿಲ್ಲ. ಕಂಡವರು ಹೇಳಿದ್ದನ್ನು ಕೇಳಿ ಶಿಲ್ಪಿ ಕಡೆದನೋ, ಯಾವುದೋ ಬಟ್ಟೆಯ ಮೇಲಿನ, ಪಾತ್ರೆಯ ಮೇಲಿನ ಚಿತ್ರ ನೋಡಿ ಕಡೆದನೋ, ಅಂತೂ ಕಡಲಾಚೆಯ ಲೋಕ ಊರಿನ ಬಸದಿಯೊಳಗೆ ಬಂದು ಕುಳಿತಿದೆ. ಬಸದಿಯ ಮುಂದಿನ ಸುಮಾರು 50 ಅಡಿ ಎತ್ತರದ ಏಕಶಿಲೆಯ ಮಾನಸ್ತಂಭವನ್ನು ನಿಲ್ಲಿಸಿದವಳು ಭೈರವರಾಜ ಎಂಬ ಅರಸನ ರಾಣಿ ನಾಗಲಾದೇವಿ ಎನ್ನುತ್ತಾರೆ.

ಈ ಬಸದಿಯ ಮಾಡು ಹೊರನಾಡಿನವರಿಗೆ ದೊಡ್ಡ ಒಗಟಾಗಿತ್ತು. ಇಳಿಜಾರಾಗಿ ಒಂದರ ಮೇಲೊಂದು ಕುಳಿತ ಅಗಲದ ಮಾಡುಗಳು ದಕ್ಷಿಣ ಭಾರತದ ಹೆಚ್ಚಿನ ಗುಡಿಗಳಲ್ಲಿ ಕಾಣುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಇವನ್ನು ನೋಡಿ ನೇಪಾಳದ ದೇಗುಲಗಳಿಗೆ ಹೋಲಿಸಿದ. ಅಷ್ಟು ದೂರದ ಎರಡು ನಾಡುಗಳಿಗೆ ಹೇಗೆ ನಂಟು ಎಂಬ ಚರ್ಚೆ ಆಮೇಲೆ ಬಹಳ ನಡೆಯಿತು. ತುಳುನಾಡಿನವರಿಗೆ ಉತ್ತರ ಮನೆಯಂಗಳದಲ್ಲೇ ಇದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನೆಲ ಇದು. ಆಷಾಢದ ಮಳೆಯನ್ನು ಗೋಡೆಗೆ ತಾಗಗೊಡದೆ ದೂರ ಎಸೆಯುವ ಇಳಿಮಾಡನ್ನು ಇಲ್ಲಿನ ಪ್ರತಿ ಗುತ್ತಿನ ಮನೆಗೂ ಕಟ್ಟುತ್ತಾರೆ. ಬಸದಿಯ ಹೊರ ಅಂಚಿನಲ್ಲಿ ಓರೆಯಾಗಿ ನಿಲ್ಲಿಸಿದ ಕಲ್ಲಿನ ಜಾಲರಿಗಳಿಗೂ ಅದೇ ಕೆಲಸ: ಗಾಳಿ ಬರಬೇಕು, ಇರಚಲು ಬರಬಾರದು. ಮರದಲ್ಲಿ ಕಲಿತ ವಿದ್ಯೆಯನ್ನು ಇಲ್ಲಿನವರು ಕಲ್ಲಿಗೆ ತಂದರು.

ಉಳಿದ ಬಸದಿಗಳಲ್ಲಿ ಬಹುಪಾಲು ಚಿಕ್ಕವು. ಸಾವಿರ ಕಂಬ ನೋಡಿ ಹಿಂದಿರುಗುವ ಪ್ರವಾಸಿಗರು ಅವುಗಳತ್ತ ತಿರುಗುವುದಿಲ್ಲ. ಊರಿನ ಚರಿತ್ರೆ ತಿಳಿಯಬೇಕೆನ್ನುವವರು ನೋಡಬೇಕಾದದ್ದು ಅವನ್ನೇ. ಶೆಟ್ಟರ ಬಸದಿ, ವಿಕ್ರಮ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ: ಒಂದೊಂದೂ ಒಬ್ಬೊಬ್ಬ ವರ್ತಕನ, ಒಂದೊಂದು ಮನೆತನದ ಹೆಸರು ಹೊತ್ತಿದೆ. ಬೈಕಣತಿಕಾರಿ ಬಸದಿ, ಬೆಟ್ಕೇರಿ ಬಸದಿ, ಕೋಟಿ ಬಸದಿ, ಬಡಗ ಬಸದಿ, ಪಡು ಬಸದಿ, ಕೆರೆ ಬಸದಿ ಎಂದು ಪಟ್ಟಿ ಮುಂದುವರಿಯುತ್ತದೆ. ಕಲ್ಲು ಬಸದಿ ಹೆಸರೇ ಹೇಳುವಂತೆ ಕಲ್ಲಿನದು. ಲೆಪ್ಪದ ಬಸದಿಯ ಮೂರ್ತಿ ಗಾರೆ-ಮಣ್ಣಿನ ಲೇಪದಿಂದ ಮಾಡಿದ್ದು. ಅದಕ್ಕೆ ನೀರಿನ ಅಭಿಷೇಕ ಸಲ್ಲದು. ಮುಟ್ಟಿದರೆ ಕರಗುವ ವಸ್ತುವನ್ನು ಇಷ್ಟು ಮಳೆಯ ಊರಿನಲ್ಲಿ ಶತಮಾನಗಳ ಕಾಲ ಕಾಪಾಡಿದ್ದಾರೆ. ಹಿರೇ ಬಸದಿಯನ್ನು ಅಮ್ಮನವರ ಬಸದಿ ಎಂದೂ ಕರೆಯುತ್ತಾರೆ; ಅಲ್ಲಿನ ಪದ್ಮಾವತಿಗೆ ನಡೆದುಕೊಳ್ಳುವವರು ಬಹಳ.

ಆ ಸೆಟ್ಟರ, ಗುರುಗಳ ಕೊನೆಯ ನೆಲೆ ಪೇಟೆಯಿಂದ ಸ್ವಲ್ಪ ಆಚೆ, ಕೊಡಂಗಲ್ಲಿನಲ್ಲಿ. ಲ್ಯಾಟರೈಟ್ ಎಂದು ಪುಸ್ತಕಗಳು ಬರೆಯುವ ಮುರಕಲ್ಲಿನಿಂದ ಕಟ್ಟಿದ ಸಮಾಧಿಗಳು ಅವು. ಕೆಲವು ಮೂರು ನೆಲೆ, ಕೆಲವು ಐದು, ಇನ್ನು ಕೆಲವು ಅದಕ್ಕೂ ಹೆಚ್ಚು. ಮೇಲೆ ಹೋದಂತೆ ಕಿರಿದಾಗುತ್ತ ತುದಿಯಲ್ಲಿ ಕಲಶ. ಜೈನರು ದಹನ ಮಾಡುವವರಾದ್ದರಿಂದ ಇಂಥ ಸ್ಮಾರಕಗಳ ಸಾಲು ಬೇರೆಡೆ ಅಪರೂಪ. ಬಸದಿಗಳ ಮೇಲೆ ಧಾರಾಳವಾಗಿ ಹೆಸರು ಬರೆಸಿಕೊಂಡ ಊರು ಇಲ್ಲಿ ಮಾತ್ರ ಮೌನವಾಗಿದೆ. ಬಹುತೇಕ ಸಮಾಧಿಗಳ ಮೇಲೆ ಬರಹವೇ ಇಲ್ಲ. ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟು ಹಲವು ಶಿಥಿಲವಾಗಿವೆ. ಬಸದಿಗಳಿಗೆ ಸಿಕ್ಕ ಆರೈಕೆಯ ಒಂದು ಪಾಲಾದರೂ ಇವಕ್ಕೆ ಸಲ್ಲಬೇಕಾದ್ದು ನ್ಯಾಯ.

ಸೀಮೆಯ ಅರಸರು ಚೌಟರು. ಅವರೂ ಜೈನರು, ತುಳುನಾಡಿನ ಅಳಿಯಸಂತಾನದ ಕಟ್ಟಿನಂತೆ ಅವರ ಪಟ್ಟ ಮಾವನಿಂದ ಅಕ್ಕ-ತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಉಳ್ಳಾಲದ ಸೋಮನಾಥ ಅವರ ಕುಲದೈವ. ಹೆಣ್ಣುಮಕ್ಕಳೂ ಪಟ್ಟಕ್ಕೆ ಬಂದ ಮನೆತನ ಅದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ ಉಳ್ಳಾಲದಲ್ಲಿ ಯುದ್ಧಕ್ಕೆ ನಿಂತ ರಾಣಿ ಅಬ್ಬಕ್ಕ ಇದೇ ಚೌಟ ಕುಲದವಳು. ಕುಲದ ಇನ್ನೊಂದು ಕವಲು ಒಳನಾಡಿಗೆ ಸರಿದು ಪುತ್ತಿಗೆಯಲ್ಲಿಯೂ ಮೂಡುಬಿದಿರೆಯಲ್ಲಿಯೂ ನೆಲೆ ಮಾಡಿಕೊಂಡಿತು. ಪುತ್ತಿಗೆಯ ಸೋಮನಾಥೇಶ್ವರ ದೇವಸ್ಥಾನ ಆ ನಂಟನ್ನು ಇಂದಿಗೂ ಉಳಿಸಿಕೊಂಡಿದೆ.

ಚೌಟರ ಅರಮನೆ ಎಂದರೆ ಕೋಟೆ-ಬುರುಜುಗಳನ್ನು ನಿರೀಕ್ಷಿಸಬಾರದು. ಹೊರಗಿನಿಂದ ಅದು ದೊಡ್ಡದೊಂದು ಹಂಚಿನ ಮನೆ. ಅದರ ಸಂಪತ್ತು ಒಳಗಿನ ಮರದ ಕಂಬಗಳಲ್ಲಿದೆ. ಎರಡು ಕೆತ್ತನೆಗಳು ನಾಡಿಗೇ ಹೆಸರಾದವು. ಒಂದು ನವನಾರೀ ಕುಂಜರ: ಒಂಬತ್ತು ಹೆಂಗಸರ ಮೈಗಳು ಬಾಗಿ, ಹೆಣೆದುಕೊಂಡು ಆನೆಯಾಗಿವೆ. ಇನ್ನೊಂದು ಪಂಚನಾರೀ ತುರಗ: ಐವರು ಸೇರಿ ಕುದುರೆ. ದೂರದಿಂದ ಆನೆ, ಹತ್ತಿರ ಹೋದರೆ ಹೆಂಗಸರು. ಯಾರ ಕೈ ಎಲ್ಲಿ ಸೊಂಡಿಲಾಯಿತು, ಯಾರ ಜಡೆ ಎಲ್ಲಿ ಬಾಲವಾಯಿತು ಎಂದು ಹುಡುಕುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಇಂಥ ಚಿತ್ರಗಳು ಭಾರತದ ಬೇರೆಡೆ ವರ್ಣಚಿತ್ರಗಳಲ್ಲಿಯೂ ಇವೆ. ಮರದಲ್ಲಿ ಇಷ್ಟು ಬಿಗಿಯಾಗಿ ಕೂಡಿಬಂದದ್ದು ವಿರಳ. ಬ್ರಿಟಿಷರು ಬಂದ ಮೇಲೆ ಚೌಟರಿಗೆ ಉಳಿದದ್ದು ಪಿಂಚಣಿ ಮತ್ತು ಮನೆ. ವಂಶದವರು ಆ ಮನೆಯನ್ನು ಉಳಿಸಿಕೊಂಡು ಬಂದರು.

ಕನ್ನಡ ಓದುಗರಿಗೆ ಮೂಡುಬಿದಿರೆ ಎಂದರೆ ಮೊದಲು ನೆನಪಾಗುವವನು ರತ್ನಾಕರವರ್ಣಿ. ಹದಿನಾರನೆಯ ಶತಮಾನದ ಈ ಕವಿ ಈ ಊರಿನವನು. ಕಾರ್ಕಳದ ಭೈರರಸರ ಆಸ್ಥಾನದಲ್ಲಿ ಇದ್ದವನು. ಅವನ ‘ಭರತೇಶ ವೈಭವ’ 80 ಸಂಧಿಗಳ, ಹತ್ತು ಸಾವಿರದಷ್ಟು ಪದ್ಯಗಳ ಸಾಂಗತ್ಯ ಕಾವ್ಯ. ಮೊದಲ ತೀರ್ಥಂಕರನ ಮಗ, ಬಾಹುಬಲಿಯ ಅಣ್ಣ ಭರತ ಚಕ್ರವರ್ತಿ ಅದರ ನಾಯಕ. ಬಾಹುಬಲಿಯ ಕತೆಯಲ್ಲಿ ಭರತ ಸಾಮಾನ್ಯವಾಗಿ ಸೋತವನು, ರಾಜ್ಯದಾಸೆಗೆ ತಮ್ಮನ ಮೇಲೆ ಚಕ್ರ ಬಿಟ್ಟವನು. ರತ್ನಾಕರ ಅವನನ್ನು ಎತ್ತಿ ನಿಲ್ಲಿಸಿದ. ಅರಮನೆ, ಮಡದಿಯರು, ಊಟ, ಸಂಗೀತ ಎಲ್ಲದರ ನಡುವೆ ಇದ್ದೂ ಯಾವುದಕ್ಕೂ ಅಂಟದೆ ಆತ್ಮಧ್ಯಾನ ಮಾಡಬಲ್ಲ ಗೃಹಸ್ಥ ಅವನ ಭರತ. ಯೋಗವೂ ಭೋಗವೂ ಒಂದೇ ಬಾಳಿನಲ್ಲಿ ಕೂಡಬಲ್ಲವು ಎಂಬ ಮಾತು ಸನ್ಯಾಸವನ್ನೇ ಶಿಖರವೆಂದು ನಂಬಿದ ಪರಂಪರೆಯೊಳಗಿಂದ ಬಂತು. ವ್ಯಾಪಾರ-ಸಂಸಾರದಲ್ಲಿ ಮುಳುಗಿ, ಅದರ ಗಳಿಕೆಯಿಂದಲೇ ಬಸದಿ ಕಟ್ಟಿದ ಸೆಟ್ಟರ ಊರಿನಲ್ಲಿ ಇಂಥ ನಾಯಕ ಹುಟ್ಟಿದ್ದರಲ್ಲಿ ಒಂದು ಅರ್ಥವಿದೆ.

ಕವಿಯ ಬದುಕಿನ ಬಗ್ಗೆ ಹಬ್ಬಿದ ಕತೆಗಳು ದೇವಚಂದ್ರನ ‘ರಾಜಾವಳೀ ಕಥೆ’ಯಲ್ಲಿ ಸಿಗುತ್ತವೆ. ಕಾವ್ಯವನ್ನು ಆನೆಯ ಮೇಲೆ ಮೆರೆಸಬೇಕೆಂದು ಕವಿ ಕೇಳಿದ. ಕೆಲವು ಪದ್ಯ ಶಾಸ್ತ್ರಕ್ಕೆ ಹೊಂದುವುದಿಲ್ಲವೆಂದು ಗುರು ಒಪ್ಪಲಿಲ್ಲ. ಸಿಟ್ಟಾದ ಕವಿ ವೀರಶೈವನಾಗಿ, ಮತ್ತೆ ಕೆಲಕಾಲದ ಮೇಲೆ ಹಿಂದಿರುಗಿದ ಎನ್ನುತ್ತದೆ ಕತೆ. ದೇವಚಂದ್ರ ಬರೆದದ್ದು ಕವಿಯ ಕಾಲಕ್ಕೆ ಸುಮಾರು ಮೂರು ಶತಮಾನಗಳ ಅನಂತರ, ಹಾಗಾಗಿ ಅದನ್ನು ಕತೆಯೆಂದೇ ಓದಬೇಕು. ಗಟ್ಟಿಯಾದ ತೇದಿ ಸಿಗುವುದು ರತ್ನಾಕರನ ‘ತ್ರಿಲೋಕ ಶತಕ’ಕ್ಕೆ: 1557. ‘ರತ್ನಾಕರ ಶತಕ’ ಮತ್ತು ‘ಅಪರಾಜಿತೇಶ್ವರ ಶತಕ’ ಅವನ ಇನ್ನೆರಡು ಶತಕಗಳು. ಸಾಂಗತ್ಯ ಹಾಡಿಕೆಯ ಛಂದಸ್ಸು; ಪಂಡಿತರಷ್ಟೇ ಅಲ್ಲದೆ ಮನೆಯ ಹೆಂಗಸರೂ ಹಾಡಬಹುದಾದ ಕಾವ್ಯವನ್ನು ಬರೆದದ್ದರಿಂದ ಅವನು ಓಲೆಯ ಕಟ್ಟಿನಲ್ಲೇ ಉಳಿದುಹೋಗಲಿಲ್ಲ.

ರತ್ನಾಕರನ ಕಾಲಕ್ಕಾಗಲೇ ಊರಿನ ಸಿರಿಯ ಬೇರು ಸಡಿಲವಾಗುತ್ತಿತ್ತು. ಪೋರ್ಚುಗೀಸರು ಕಡಲ ವ್ಯಾಪಾರಕ್ಕೆ ಅಡ್ಡ ನಿಂತರು. 1565ರ ಬಳಿಕ ವಿಜಯನಗರದ ಆಸರೆ ಹೋಯಿತು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರು ಕರಾವಳಿಯ ಅರಸರನ್ನು ಅಂಕೆಗೆ ತಂದರು, ಆಮೇಲೆ ಹೈದರ್, ಟಿಪ್ಪು, ಕೊನೆಗೆ 1799ರಲ್ಲಿ ಕಂಪನಿ. ಹೊಸ ಬಸದಿಗಳ ಕಾಲ ಮುಗಿಯಿತು. ಇದ್ದದ್ದನ್ನು ಕಾಯುವ ಕಾಲ ಶುರುವಾಯಿತು.

ಕಾಯಬೇಕಾದದ್ದರಲ್ಲಿ ಅತಿ ಮುಖ್ಯವಾದದ್ದು ಗುರು ಬಸದಿಯ ಓಲೆಗಳು. ದಿಗಂಬರ ಜೈನರ ಅತ್ಯಂತ ಪ್ರಾಚೀನ ಸಿದ್ಧಾಂತ ಗ್ರಂಥಗಳು ಎರಡು. ಧರಸೇನಾಚಾರ್ಯರಿಂದ ಕಲಿತ ಪುಷ್ಪದಂತ ಮತ್ತು ಭೂತಬಲಿ ರಚಿಸಿದ ‘ಷಟ್ಖಂಡಾಗಮ’ ಒಂದು. ಗುಣಧರಾಚಾರ್ಯರ ‘ಕಸಾಯಪಾಹುಡ’ ಇನ್ನೊಂದು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನ ಷಟ್ಖಂಡಾಗಮಕ್ಕೆ ‘ಧವಲಾ’ ಎಂಬ ಹಿರಿದಾದ ಟೀಕೆ ಬರೆದ. ಕಸಾಯಪಾಹುಡಕ್ಕೆ ಅವನು ಆರಂಭಿಸಿದ ‘ಜಯಧವಲಾ’ವನ್ನು ಶಿಷ್ಯ ಜಿನಸೇನ 837ರಲ್ಲಿ ಮುಗಿಸಿದ. ಷಟ್ಖಂಡಾಗಮದ ಆರನೆಯ ಖಂಡವಾದ ‘ಮಹಾಬಂಧ’ಕ್ಕೆ ‘ಮಹಾಧವಲಾ’ ಎಂಬ ಹೆಸರು ಬಳಕೆಗೆ ಬಂತು. ಪ್ರಾಕೃತ-ಸಂಸ್ಕೃತ ಬೆರೆತ ಈ ಗ್ರಂಥಗಳು ಕನ್ನಡ ಲಿಪಿಯಲ್ಲಿ, ತಾಳೆಯೋಲೆಯ ಮೇಲೆ, ಮೂಡುಬಿದಿರೆಯೊಂದರಲ್ಲೇ ಉಳಿದಿದ್ದವು. ದೇಶದ ಉಳಿದ ಕಡೆ ಜೈನ ವಿದ್ವಾಂಸರು ಅವುಗಳ ಹೆಸರು ಬಲ್ಲವರು, ಸಾರ ಬಲ್ಲವರು, ಮೂಲ ಕಂಡವರಲ್ಲ.

ಆ ಓಲೆಗಳು ಮೂಡುಬಿದಿರೆಯಲ್ಲಿ ಬರೆದವಲ್ಲ. ಧವಲಾ ಪ್ರತಿಯ ಕೊನೆಯ ಪ್ರಶಸ್ತಿ ದೇಮಿಯಕ್ಕ ಎಂಬ ಹೆಂಗಸಿನ ಹೆಸರು ಹೇಳುತ್ತದೆ. ಗಂಗ ಮನೆತನದ ಭುಜಬಲ ಪೆರ್ಮಾಡಿಯ ಬಂಧುವಾದ ಈಕೆ ಶ್ರುತಪಂಚಮಿಯ ನೋಂಪಿ ಮುಗಿಸಿ, ಗ್ರಂಥವನ್ನು ಬರೆಸಿ, ಬನ್ನಿಕೆರೆಯಲ್ಲಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಕಾಲ ಹನ್ನೆರಡನೆಯ ಶತಮಾನದ ಆರಂಭ. ಗ್ರಂಥದಾನ ದೊಡ್ಡ ಪುಣ್ಯವೆಂಬ ನಂಬಿಕೆಯಿಂದ ಒಬ್ಬ ಹೆಣ್ಣುಮಗಳು ಬರೆಸಿದ ಪ್ರತಿ ಅದು; ಎಂಟು ಶತಮಾನಗಳ ಅನಂತರ ಒಂದು ಧರ್ಮದ ಶಾಸ್ತ್ರ ಪೂರ್ತಿ ಅದನ್ನೇ ನೆಚ್ಚಿಕೊಳ್ಳಬೇಕಾಯಿತು. ಓಲೆಗಳ ನಡುವೆ ತೀರ್ಥಂಕರರು, ಯಕ್ಷಿಯರು, ಭಕ್ತರ ಚಿಕ್ಕ ಚಿಕ್ಕ ವರ್ಣಚಿತ್ರಗಳಿವೆ. ಕರ್ನಾಟಕದಲ್ಲಿ ಉಳಿದಿರುವ ಅತಿ ಹಳೆಯ ಓಲೆಚಿತ್ರಗಳಲ್ಲಿ ಅವುಗಳನ್ನು ಎಣಿಸುತ್ತಾರೆ.

ಮೂಡುಬಿದಿರೆಗೆ ಬಂದ ಮೇಲೆ ಓಲೆಗಳು ಪೂಜೆಯ ವಸ್ತುವಾದವು. ಯಾತ್ರಿಕರು ಕೈಮುಗಿದು ದರ್ಶನ ಪಡೆಯುತ್ತಿದ್ದರು. ಬಿಚ್ಚಿ ಓದುವವರು ಇರಲಿಲ್ಲ. ಹಳಗನ್ನಡ ಅಕ್ಷರ ಓದಬಲ್ಲವರೂ, ಪ್ರಾಕೃತ ಬಲ್ಲವರೂ ವಿರಳವಾಗುತ್ತ ಹೋದರು. 1880ರ ದಶಕದ ಮೊದಲಲ್ಲಿ ಯಾತ್ರೆಗೆ ಬಂದ ಮುಂಬಯಿಯ ಶೇಠ್ ಮಾಣಿಕಚಂದ ಓಲೆಗಳ ಸ್ಥಿತಿ ಕಂಡು ಕಳವಳಗೊಂಡರು. ಸೊಲ್ಲಾಪುರದ ಹೀರಾಚಂದ ನೇಮಚಂದರೊಡನೆ ಸೇರಿ ನಕಲು ಮಾಡಿಸುವ ಯತ್ನಕ್ಕೆ ಕೈಹಾಕಿದರು. ಊರವರನ್ನು ಒಪ್ಪಿಸುವುದಕ್ಕೇ ವರ್ಷಗಳು ಹಿಡಿದವು. 1896ರಲ್ಲಿ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ಬರೆಯಲು ಕುಳಿತರು. ಬ್ರಹ್ಮಸೂರಿ ನಡುವೆಯೇ ತೀರಿಕೊಂಡರು, ಗಜಪತಿ ಮುಂದುವರಿಸಿದರು. ದೇವನಾಗರಿಯಲ್ಲೊಂದು, ಕನ್ನಡದಲ್ಲೊಂದು ಪ್ರತಿ ಮಾಡುವುದೆಂದು ಗೊತ್ತಾಗಿತ್ತು. ಕನ್ನಡ ಪ್ರತಿಗೆ ಊರಿನ ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಕೈಗೂಡಿಸಿದರು. ಮಹಾಧವಲಾದ ನಕಲು ನೇಮಿರಾಜ ಸೆಟ್ಟರದು. ಎಲ್ಲ ಮುಗಿಯುವಾಗ 1922. ಅಂದರೆ 26 ವರ್ಷ, ಸುಮಾರು 20,000 ರೂಪಾಯಿ. ಒಂದು ಷರತ್ತು ಮಾತ್ರ ಬಿಗಿಯಾಗಿತ್ತು: ನಕಲೂ ಮೂಡುಬಿದಿರೆ ಬಿಟ್ಟು ಹೊರಗೆ ಹೋಗಬಾರದು.

ಆದರೆ ಹೋಗಿತ್ತು. ಬಸದಿಯಲ್ಲಿ ಹಗಲು ನಕಲು ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ತಮ್ಮ ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಮತ್ತೊಂದು ಕನ್ನಡ ಪ್ರತಿ ಸಿದ್ಧಮಾಡಿಕೊಂಡಿದ್ದರು. ಅದನ್ನು ಹಿಡಿದು ಅವರು ಮೊದಲು ಹೋದದ್ದು ಸೊಲ್ಲಾಪುರಕ್ಕೆ. ಊರವರಿಗೆ ಕೊಟ್ಟ ಮಾತಿಗೆ ಇದು ಹೊಂದದೆಂದು ಅಲ್ಲಿ ಒಪ್ಪಲಿಲ್ಲ. ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಇರಿಸಿದರು. ಅಲ್ಲಿ 1916ರಿಂದ 1923ರ ವರೆಗೆ ಅದರಿಂದ ನಾಗರಿ ಪ್ರತಿ ಮಾಡಿಸಿದರು. ಆ ಕೆಲಸಕ್ಕಿದ್ದ ಸೀತಾರಾಮ ಶಾಸ್ತ್ರಿ ತಮಗೊಂದು ಪ್ರತಿ ಇಟ್ಟುಕೊಂಡರು. ಅದರಿಂದ ಉತ್ತರದ ಬೇರೆ ಬೇರೆ ಊರುಗಳಿಗೆ ಪ್ರತಿಗಳು ಹಬ್ಬಿದವು.

ಗಜಪತಿ ದಂಪತಿಗಳನ್ನು ಮಾತಿಗೆ ತಪ್ಪಿದವರೆನ್ನಬೇಕೋ, ಶಾಸ್ತ್ರವನ್ನು ಉಳಿಸಿದವರೆನ್ನಬೇಕೋ? ಎರಡೂ ಹೌದು. ಕಾಯ್ದಿಟ್ಟವರಿಲ್ಲದಿದ್ದರೆ ನಕಲಿಗೆ ಓಲೆಯೇ ಇರುತ್ತಿರಲಿಲ್ಲ. ಹೊರಗೊಯ್ದವರಿಲ್ಲದಿದ್ದರೆ ಓದುಗರು ಸಿಗುವುದು ಇನ್ನೂ ತಡವಾಗುತ್ತಿತ್ತು. ಆ ಗುಟ್ಟಿನ ನಕಲಿಗೆ ನೆರವಾದ ಲಕ್ಷ್ಮೀಬಾಯಿಯ ಹೆಸರನ್ನು ದೇಮಿಯಕ್ಕನ ಹೆಸರಿನ ಪಕ್ಕದಲ್ಲಿಡುವುದೇ ಸರಿ.

ಹೀಗೆ ಹಬ್ಬಿದ ಪ್ರತಿಗಳನ್ನು ಆಧರಿಸಿ ಅಮರಾವತಿಯಲ್ಲಿದ್ದ ವಿದ್ವಾಂಸ ಹೀರಾಲಾಲ ಜೈನ್ 1939ರಲ್ಲಿ ಧವಲಾ ಟೀಕೆಯ ಮೊದಲ ಸಂಪುಟವನ್ನು ಹಿಂದಿ ಅನುವಾದದೊಡನೆ ಅಚ್ಚು ಹಾಕಿಸಿದರು. ನಕಲಿನ ನಕಲಿನಲ್ಲಿ ಸಾಲು ಬಿಟ್ಟುಹೋಗುವುದು, ಅಕ್ಷರ ತಪ್ಪುವುದು ಸಹಜ. ಸಂಪುಟ ಹೊರಬಂದ ಮೇಲೆ ಮೂಡುಬಿದಿರೆಯ ಮನಸ್ಸು ಬದಲಾಯಿತು. ಮಠ ಮೂಲ ಓಲೆಗಳನ್ನು ತೆರೆಯಿತು. ಊರಿನ ಪಂಡಿತ ಲೋಕನಾಥ ಶಾಸ್ತ್ರಿಗಳು ಮುಂದಿನ ಸಂಪುಟಗಳಿಗೆ ಪಾಠ ಹೋಲಿಸಿ ಕಳಿಸಿದರು. 16 ಸಂಪುಟ ಪೂರ್ತಿಯಾಗಲು ಎರಡು ದಶಕ ಹಿಡಿಯಿತು. ಧವಲಾ ಟೀಕೆಯಲ್ಲಿನ ಗಣಿತ, ದೊಡ್ಡ ಸಂಖ್ಯೆಗಳನ್ನೂ ಅನಂತವನ್ನೂ ಅದು ನಿಭಾಯಿಸುವ ಬಗೆ, ಗಣಿತ ಚರಿತ್ರೆಕಾರರ ಕಣ್ಣಿಗೆ ಬಿದ್ದದ್ದು ಈ ಮುದ್ರಣದಿಂದಲೇ.

ಅದೇ ಹೊತ್ತಿನಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆಯ ಮಠದ, ಬಸದಿಗಳ, ಸುತ್ತಲಿನ ಊರುಗಳ ಓಲೆಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಪಟ್ಟಿ ಮಾಡಿದರು. ಅವರ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಪಟ್ಟಿಯ ಪುಸ್ತಕಕ್ಕೆ ಯಾರೂ ಹಾರ ಹಾಕುವುದಿಲ್ಲ. ಆದರೂ ಸಂಶೋಧಕರು ಮೂಡುಬಿದಿರೆಗೆ ಬರುವ ಮುಂಚೆ ತೆರೆಯಬೇಕಾದ ಪುಸ್ತಕ ಅದು. ಕನ್ನಡ, ಸಂಸ್ಕೃತ, ಪ್ರಾಕೃತಗಳ ಓಲೆಗಳನ್ನು ಇಂದು ಮಠದ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲಿ ಕಾಪಿಟ್ಟಿದ್ದಾರೆ.

ಗುರು ಬಸದಿಯಲ್ಲಿ ಓಲೆಗಳ ಜೊತೆ ನವರತ್ನಗಳ, ಸ್ಫಟಿಕದ ಚಿಕ್ಕ ಜಿನಬಿಂಬಗಳ ಸಂಗ್ರಹವೂ ಇದೆ. ಅವುಗಳ ದರ್ಶನಕ್ಕೆ ‘ಸಿದ್ಧಾಂತ ದರ್ಶನ’ ಎಂದು ಹೆಸರು. 2013ರ ಜುಲೈನಲ್ಲಿ ಅವುಗಳಲ್ಲಿ ಹದಿನೈದು ಬಿಂಬಗಳು ಕಳವಾದಾಗ ಜಿಲ್ಲೆಯೇ ಬೆಚ್ಚಿತು. ಪೊಲೀಸರು ತನಿಖೆ ಮಾಡಿ ಹಲವನ್ನು ವಾಪಸು ತಂದರು.

ಊರು ಜೈನರದಷ್ಟೇ ಅಲ್ಲ. ಗೌರಿ ದೇವಸ್ಥಾನ, ಗೌಡ ಸಾರಸ್ವತರ ವೆಂಕಟರಮಣ ದೇವಸ್ಥಾನ, ಪೇಟೆಯ ಹನುಮಂತ ದೇವಸ್ಥಾನ, ಅಲಂಗಾರಿನ ಚರ್ಚು, ಮಸೀದಿ ಎಲ್ಲವೂ ಅದೇ ಬೀದಿಗಳ ಸುತ್ತಮುತ್ತ ಇವೆ. ಕಡಲಕೆರೆಯ ಬಳಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳಕ್ಕೆ ದಕ್ಷಿಣ ಕನ್ನಡ, ಉಡುಪಿಗಳಿಂದ ಕೋಣಗಳೂ ಜನವೂ ಬಂದು ಸೇರುತ್ತವೆ.

ಸ್ವಾತಂತ್ರ್ಯದ ಅನಂತರ ಊರು ವಿದ್ಯೆಯ ಕಡೆ ತಿರುಗಿತು. 1965ರಲ್ಲಿ ಮಹಾವೀರ ಕಾಲೇಜು ಬಂತು. ಓಲೆಯ ಗ್ರಂಥದ ಹೆಸರನ್ನೇ ಹೊತ್ತ ಧವಲಾ ಕಾಲೇಜು ಆಮೇಲಿನದು. 1990ರ ದಶಕದಿಂದ ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಶಿಕ್ಷಣ ಸಂಸ್ಥೆಗಳಿಗೆ ನಾಡಿನ ಎಲ್ಲ ಮೂಲೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಆಳ್ವರ ‘ವಿರಾಸತ್’ ಸಾಂಸ್ಕೃತಿಕ ಉತ್ಸವ ಮತ್ತು ‘ನುಡಿಸಿರಿ’ ಸಾಹಿತ್ಯ ಸಮ್ಮೇಳನ ಊರಿನ ಹೆಸರನ್ನು ಹೊಸ ತಲೆಮಾರಿಗೆ ಮುಟ್ಟಿಸಿದವು. 2003ರ ಡಿಸೆಂಬರಿನಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂಡುಬಿದಿರೆಯಲ್ಲಿ ಸೇರಿತು. ಅಧ್ಯಕ್ಷತೆ ಕಮಲಾ ಹಂಪನಾ ಅವರದು. ಪ್ರಾಕೃತವನ್ನೂ ಜೈನ ಸಾಹಿತ್ಯವನ್ನೂ ಬಾಳಿಡೀ ಅಭ್ಯಾಸ ಮಾಡಿದ ವಿದುಷಿ, ರತ್ನಾಕರನ ಊರಿನಲ್ಲಿ, ಧವಲಾ ಓಲೆಗಳಿಗೆ ಕೂಗಳತೆಯ ದೂರದಲ್ಲಿ ಆ ಪೀಠದಲ್ಲಿ ಕುಳಿತದ್ದು ಊರಿಗೆ ಸಂದ ಗೌರವವೂ ಹೌದು, ಅವರ ವಿದ್ವತ್ತಿಗೆ ಸಂದ ಗೌರವವೂ ಹೌದು.